40 ನಿಮಿಷದ ಕೆಸರು

ಎಟಿವಿಯನ್ನು, ಅಂದರೆ ರಸ್ತೆಯಿಲ್ಲದ ಕಡೆಯೂ ಓಡುವ ನಾಲ್ಕು ದಪ್ಪ ಚಕ್ರದ ಗಾಡಿಯನ್ನು, ಕೆಸರಿನಲ್ಲಿ ಓಡಿಸಿದ್ದು 40 ನಿಮಿಷ. ಅದನ್ನು ತೊಳೆಯಲು ಎಷ್ಟು ದಿನ ಹಿಡಿಯಿತು ಅಂತ ಹೇಳಿದರೆ ನೀವು ನಗುತ್ತೀರಿ. ಪರವಾಗಿಲ್ಲ, ನನ್ನಾಕೆ ಆಗಲೇ ನಕ್ಕು ಮುಗಿಸಿದ್ದಾಳೆ.

ಭಾನುವಾರ ಸಂಜೆ ಮನೆಗೆ ಬಂದಾಗ ಗಾಡಿಯ ಬಣ್ಣ ಯಾವುದಿತ್ತು ಅಂತ ನನಗೇ ನೆನಪಾಗಲಿಲ್ಲ. ಆಗಲೇ ಪೈಪು ಹಿಡಿದಿದ್ದರೆ ಮುಕ್ಕಾಲು ಪಾಲು ಕೆಸರು ತಾನಾಗಿ ಜಾರಿ ಹೋಗುತ್ತಿತ್ತು. ಹಸಿ ಕೆಸರು ಸಾಧು ಪ್ರಾಣಿ. ಆದರೆ ನನ್ನ ಸೊಂಟ ಹಿಡಿದುಕೊಂಡಿತ್ತು. ಮೇಲಾಗಿ, ಬಿಸಿ ಇಂಜಿನ್ ಮೇಲೆ ತಣ್ಣೀರು ಹೊಯ್ಯಬಾರದು ಅನ್ನೋ ಮಾತು ಸಮಯಕ್ಕೆ ಸರಿಯಾಗಿ ನೆನಪಾಯಿತು. ಮಾತೇನೋ ಸರಿಯೇ. ಕಾದ ಲೋಹ ದಿಢೀರನೆ ತಣ್ಣಗಾದರೆ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಆದರೆ ಅದಕ್ಕೆ ಅರ್ಧ ಮುಕ್ಕಾಲು ಗಂಟೆ ಕಾದರೆ ಆಯಿತು. ನಾನು ಬುಧವಾರದವರೆಗೆ ಕಾದೆ.

ಬುಧವಾರ ಹೋಗಿ ನೋಡಿದರೆ ಅಲ್ಲಿ ಗಾಡಿ ಇರಲಿಲ್ಲ, ಗಾಡಿಯ ಆಕಾರದ ಮಣ್ಣಿನ ಗೋಡೆ ಇತ್ತು. ಸ್ಕ್ರೂಡ್ರೈವರ್ ತಂದು ಕೆರೆದೆ. ಒಂದು ಹೆಂಟೆ ಎದ್ದು ಬಂತು, ಜೊತೆಗೆ ಮಡ್‌ಗಾರ್ಡಿನ ಮೇಲೆ ಉದ್ದಕ್ಕೊಂದು ಗೀರೂ ಬಂತು. ನೀರು ಚಿಮುಕಿಸಿ ನೆನೆಯಲು ಬಿಟ್ಟರೆ ಕೆಸರು ಮತ್ತೆ ಮೆತ್ತಗಾಗುತ್ತದೆ ಅನ್ನುವುದು ಮೂರನೇ ಗೀರಿನ ನಂತರ ಹೊಳೆಯಿತು.

ಮುಂದಿನ ವಾರ ಮತ್ತೆ ಕೆಸರೇ ತಾನೇ, ಸುಮ್ನೆ ಯಾಕೆ ತೊಳೆಯೋದು ಅಂತ ಒಂದು ಯೋಚನೆ ಬಂದದ್ದು ನಿಜ. ಆದರೆ ಕೆಸರು ಅಂಟಿಕೊಂಡು ಸುಮ್ಮನಿರುವ ಜಾತಿಯದಲ್ಲ. ಒದ್ದೆ ಬಟ್ಟೆ ಹೊದಿಸಿದ ಹಾಗೆ ತೇವ ಹಿಡಿದಿಟ್ಟು ಕಬ್ಬಿಣಕ್ಕೆ ತುಕ್ಕು ಹತ್ತಿಸುತ್ತದೆ. ಅದರೊಳಗಿನ ಮರಳು ಬ್ರೇಕ್ ಪ್ಯಾಡನ್ನು ಉಪ್ಪುಕಾಗದದಂತೆ ತಿಕ್ಕುತ್ತದೆ. ಸೈಲೆನ್ಸರ್ ಪಕ್ಕ ಸಿಕ್ಕಿಕೊಂಡ ಹುಲ್ಲು ಒಣಗಿದರೆ ಬೆಂಕಿಯೂ ಹತ್ತಬಹುದು. ಇದನ್ನೆಲ್ಲ ನನ್ನಾಕೆಗೆ ವಿವರಿಸಿದೆ. "ಹಾಗಾದ್ರೆ ಕೆಸರಿಗೆ ಹೋಗದೇ ಇದ್ರಾಯ್ತಲ್ವಾ?" ಅಂದಳು. ಮಾತು ಅಲ್ಲಿಗೇ ನಿಂತಿತು.

ಭಾವಮೈದುನನ ಹತ್ತಿರ ಪ್ರೆಷರ್ ವಾಷರ್ ಇತ್ತು, ಗನ್ನಿನಿಂದ ರಭಸವಾಗಿ ನೀರು ಚಿಮ್ಮಿಸುವ ಯಂತ್ರ, ಕೇಳಿ ತಂದೆ. ಕೊಡುವಾಗ ಅವನು, "ಭಾವ, ದೂರದಿಂದ ಹೊಡೀರಿ, ರೇಡಿಯೇಟರ್ ಹತ್ರ ಮಾತ್ರ ಬೇಡ" ಅಂದಿದ್ದ. ಕೇಳಿಸಿಕೊಂಡೆ. ಆದರೆ ಆ ಗನ್ನು ಒಮ್ಮೆ ಕೈಗೆ ಬಂತೆಂದರೆ ಮನುಷ್ಯನ ತಲೆಯೊಳಗೆ ಏನೋ ಆಗುತ್ತದೆ. ನನ್ನ ಎಟಿವಿಯ ಟೈರಿಗೆ ಹಾಕುವ ಗಾಳಿಯ ಒತ್ತಡ ಹೆಚ್ಚೆಂದರೆ 5 ಪಿಎಸ್‌ಐ. ಕೈಯಲ್ಲಿದ್ದ ಗನ್ನಿನ ಮೇಲೆ ಬರೆದದ್ದು 1500. ಮೊದಲ ಹೊಡೆತಕ್ಕೆ ಒಂದು ಅಡಿ ಅಗಲದ ಕೆಸರು ಮಾಯವಾಗಿ ಕೆಂಪು ಬಣ್ಣ ಇಣುಕಿತು. ಓ, ಕೆಂಪು! ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಎರಡನೇ ಹೊಡೆತಕ್ಕೆ ಸ್ಟಿಕ್ಕರ್ ಹಾರಿತು. ಮೂರನೆಯದು ರೇಡಿಯೇಟರಿಗೆ.

ರೇಡಿಯೇಟರಿನ ಮೈತುಂಬ ಬಾಚಣಿಗೆ ಹಲ್ಲಿನಂಥ ತೆಳು ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ. ಅವುಗಳ ಸಂದಿಯಲ್ಲಿ ಗಾಳಿ ನುಗ್ಗಿದರೇ ಇಂಜಿನ್ ತಣ್ಣಗಿರುವುದು. ನನ್ನ ಒಂದೇ ಹೊಡೆತಕ್ಕೆ ಅಂಗೈಯಗಲದ ಜಾಗದಲ್ಲಿ ಅಷ್ಟೂ ಪಟ್ಟಿಗಳು ಮಲಗಿಬಿಟ್ಟವು, ಗಾಳಿಗೆ ಬಾಗಿದ ಪೈರಿನ ಹಾಗೆ. ಸಂದಿಯಲ್ಲಿದ್ದ ಕೆಸರು ಹೊರಗೆ ಬರುವ ಬದಲು ಇನ್ನೂ ಒಳಕ್ಕೆ ಹೋಗಿ ಕೂತಿತು. ಮಾಮೂಲಿ ಪೈಪಿನ ನೀರನ್ನು ಹಿಂದಿನಿಂದ ಮುಂದಕ್ಕೆ ನಿಧಾನ ಬಿಟ್ಟರೆ ಬಂದ ದಾರಿಯಲ್ಲೇ ಕೆಸರು ಹೊರಟುಹೋಗುತ್ತದೆ. ಅದು ಬಿಟ್ಟು ಬೇರೆ ಉಪಾಯವೇ ಬೇಕಿರಲಿಲ್ಲ. ಈಗ ಮಾತ್ರ ಚಿಮಟ ಹಿಡಿದು ಒಂದೊಂದೇ ಪಟ್ಟಿಯನ್ನು ಎಬ್ಬಿಸುತ್ತಾ ಎರಡು ಗಂಟೆ ಕೂತೆ. ನನ್ನಾಕೆ ಒಂದು ಸಲ ಬಂದು ನೋಡಿ, "ಹೇನು ಹೆಕ್ತಾ ಇದ್ದೀರಾ?" ಅಂತ ಕೇಳಿ ಹೋದಳು.

ವಾಷರಿನ ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಚಕ್ರದ ಬೇರಿಂಗಿಗೆ ನೇರವಾಗಿ ಹೊಡೆದರೆ ನೀರು ಸೀಲು ದಾಟಿ ಒಳಗೆ ಹೋಗಿ ಗ್ರೀಸನ್ನು ಓಡಿಸುತ್ತದೆ. ವೈರಿನ ಕನೆಕ್ಟರುಗಳದ್ದೂ ಅದೇ ಕತೆ. ನಾನು ಎರಡಕ್ಕೂ ಹೊಡೆದಿದ್ದೆ. ಗ್ರೀಸ್ ಗನ್ ತಂದು, ಗ್ರೀಸು ತುಂಬಲೆಂದೇ ಇರುವ ನಿಪ್ಪಲ್‌ಗಳಿಗೆಲ್ಲ ಒತ್ತಿದೆ, ಹಳೆಯ ಕಪ್ಪು ಗ್ರೀಸು ನೀರಿನ ಜೊತೆ ಹೊರಗೆ ಬಂತು. ಆದರೆ ಚಕ್ರದ ಬೇರಿಂಗಿಗೆ ನಿಪ್ಪಲ್ಲೇ ಇರಲಿಲ್ಲ. ಅದರ ಬಗ್ಗೆ ಯೋಚನೆ ಮಾಡುವುದನ್ನು ಬಿಟ್ಟಿದ್ದೇನೆ.

ಚಕ್ರ ತೊಳೆಯುವಾಗ ಒಂದು ವಿಷಯ ನೆನಪಾಯಿತು. 1970ರಲ್ಲಿ ಹೋಂಡಾ ಇಂಥದೊಂದು ಗಾಡಿಯನ್ನು ಮಾರುಕಟ್ಟೆಗೆ ತಂದಾಗ ಅದಕ್ಕಿದ್ದದ್ದು ಮೂರೇ ಚಕ್ರ. ತೊಳೆಯುವವನ ದೃಷ್ಟಿಯಿಂದ ಎಂಥ ಒಳ್ಳೆಯ ಯೋಚನೆ! ಆದರೆ ಮೂರು ಚಕ್ರದ ಗಾಡಿಗಳು ಪಲ್ಟಿ ಹೊಡೆಯುವುದು ಜಾಸ್ತಿಯಾಗಿ, 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಅವುಗಳ ಮಾರಾಟವೇ ನಿಂತಿತು. ಹಾಗಾಗಿ ನಾನು ನಾಲ್ಕನೇ ಚಕ್ರದ ಒಳಬದಿಗೆ ಕೈ ಹಾಕಿದೆ. ರಿಮ್ಮಿನೊಳಗೆ ಕೆಸರು ಒಂದೇ ಕಡೆ ಗಟ್ಟಿಯಾಗಿ ಕೂತರೆ ಓಡಿಸುವಾಗ ಗಾಡಿ ಗಡಗಡ ನಡುಗುತ್ತದೆ. ಹಿಂದಿನ ಸಲ ನಾನು ಅದನ್ನು ಇಂಜಿನ್ ದೋಷ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಆಮೇಲೆ ಗಾಡಿಯ ಹೊಟ್ಟೆ. ಕೆಳಗೆ ಸ್ಕಿಡ್ ಪ್ಲೇಟ್ ಅಂತ ಒಂದು ತಗಡು ಇರುತ್ತದೆ, ಕಲ್ಲು ಬಡಿಯದಿರಲಿ ಅಂತ. ಅದು ಕಲ್ಲನ್ನು ತಡೆಯುತ್ತದೆ, ಕೆಸರನ್ನು ಮಾತ್ರ ಕಾಪಾಡಿ ಇಟ್ಟುಕೊಳ್ಳುತ್ತದೆ. ಅಂಗಾತ ಮಲಗಿ ಬೋಲ್ಟು ಸಡಿಲಿಸುತ್ತಾ, "ಅಬ್ಬಾ, ಎಷ್ಟಿದೆ!" ಅಂತ ಬಾಯಿ ತೆರೆದೆ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನನಗೆ ಅಷ್ಟೂ ಕೆಸರೇ ಸಿಕ್ಕಿತು.

ಗುರುವಾರ ಏರ್ ಫಿಲ್ಟರ್ ಸರದಿ. ಅದು ಸ್ಪಂಜಿನಂಥದ್ದು. ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ, ಅಂಗೈ ನಡುವೆ ಮೆಲ್ಲಗೆ ಒತ್ತಿ ತೊಳೆಯಬೇಕು. ಬಟ್ಟೆಯ ಹಾಗೆ ತಿರುಚಿದರೆ ಹರಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಎಣ್ಣೆ ಹಚ್ಚಬೇಕು. ಆ ಜಿಗುಟಿಗೇ ದೂಳು ಅಂಟಿಕೊಳ್ಳುವುದು. ಇಷ್ಟನ್ನೂ ತಪ್ಪಿಲ್ಲದೆ ಮಾಡಿದೆ, ನನ್ನ ಮೇಲೆ ನನಗೇ ಗೌರವ ಹುಟ್ಟಿತು. ಜಾಸ್ತಿ ಆದ ಎಣ್ಣೆ ಸೋರಲಿ ಅಂತ ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟೆ. ಕೆಳಗಿನ ತಂತಿಯಲ್ಲಿ ಬಿಳಿ ಹಾಸಿಗೆ ಹೊದಿಕೆ ಇತ್ತು. ಆ ದಿನದ ಬಗ್ಗೆ ಇಷ್ಟು ಸಾಕು.

ಶುಕ್ರವಾರ ಗಾಡಿ ಫಳಫಳ ಹೊಳೆಯುತ್ತಿತ್ತು. ಸೆಲ್ಫ್ ಒತ್ತಿದೆ. ಗರ್ ಗರ್ ಗರ್. ಮತ್ತೆ ಒತ್ತಿದೆ. ಅದೇ ರಾಗ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿ ಹಾಕಿದೆ. ಫ್ಯೂಸು ನೋಡಿದೆ. ವೈರುಗಳನ್ನು ಊದಿದೆ. ಬ್ಯಾಟರಿ ದಣಿದು ಗರ್ ಗರ್ ಹೋಗಿ ಟಕ್ ಟಕ್ ಆದಾಗ ಭಾವಮೈದುನನಿಗೆ ಫೋನು ಮಾಡಿದೆ. ಬಂದ.

"ಪೆಟ್ರೋಲ್ ಇದೆಯಾ ಭಾವ?"

"ಇದೆಯಪ್ಪಾ."

"ಕಿಲ್ ಸ್ವಿಚ್?"

"ಅಷ್ಟೂ ಗೊತ್ತಾಗಲ್ವಾ ನಂಗೆ?"

ಅವನು ಏನೂ ಮಾತಾಡದೆ ಗಾಡಿಗೆ ಒಂದು ಸುತ್ತು ಬಂದ. ಹಿಂಬದಿಯಲ್ಲಿ ನಿಂತ. ಬಗ್ಗಿದ. ಸೈಲೆನ್ಸರಿನ ಬಾಯಿಗೆ ಎರಡು ಬೆರಳು ಹಾಕಿ ಏನನ್ನೋ ಎಳೆದ. ಅದು ಬರುತ್ತಲೇ ಇತ್ತು, ಬರುತ್ತಲೇ ಇತ್ತು.

"ಭಾವ, ಇದು ನಿಮ್ಮ ಬನಿಯನ್ ಅಲ್ವಾ?"

ತೊಳೆಯುವಾಗ ಸೈಲೆನ್ಸರಿನೊಳಗೆ ನೀರು ಹೋಗದಿರಲಿ ಅಂತ ಬುಧವಾರ ನಾನೇ ತುರುಕಿದ್ದೆ. ಹೊಗೆ ಹೊರಗೆ ಹೋಗಲು ದಾರಿ ಇಲ್ಲದ ಮೇಲೆ ಇಂಜಿನ್ ಉಸಿರಾಡುವುದಾದರೂ ಹೇಗೆ? ಹಳೇ ಬನಿಯನ್ ಬಿಡು, ಅಂದೆ. ಒಳಗಿನಿಂದ ದನಿ ಬಂತು: "ಹಳೇದಲ್ಲ, ಹೋದ ತಿಂಗಳು ತಂದದ್ದು!"

ಬ್ಯಾಟರಿ ಚಾರ್ಜ್ ಆದ ಮೇಲೆ ಗಾಡಿ ಸ್ಟಾರ್ಟ್ ಆಯಿತು. ಆಕ್ಸಿಲರೇಟರ್ ಕೊಟ್ಟೆ. ಇಂಜಿನ್ ಭೋರ್ ಅಂತ ಕೂಗಿತು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಬೆಲ್ಟಿನ ಡಬ್ಬದೊಳಗೆ ನೀರು ಹೊಕ್ಕಿದೆ, ಒದ್ದೆ ಬೆಲ್ಟು ಜಾರುತ್ತಿದೆ ಅಂತ ಭಾವಮೈದುನ ಹೇಳಿದ. ಡಬ್ಬದ ತಳದ ಸಣ್ಣ ಪ್ಲಗ್ ತೆಗೆದರೆ ಒಂದು ಲೋಟ ಕಂದು ನೀರು ಸುರಿಯಿತು. ನ್ಯೂಟ್ರಲ್‌ನಲ್ಲಿ ಸ್ವಲ್ಪ ಹೊತ್ತು ಓಡಲು ಬಿಟ್ಟೆವು, ಒಳಗೆಲ್ಲ ಒಣಗಿತು.

ಇನ್ನು ಬ್ರೇಕ್ ಒಣಗಿಸಬೇಕು, ನಿಧಾನ ಓಡಿಸುತ್ತಾ ಮೆಲ್ಲಗೆ ನಾಲ್ಕೈದು ಸಲ ಒತ್ತಿದರೆ ಆಯಿತು. ಠೀವಿಯಿಂದ ಸೀಟಿನ ಮೇಲೆ ಕೂತು ಕೈ ತಿರುಗಿಸಿದೆ. ಗಾಡಿ ಮುಂದೆ ಹೋಯಿತು. ನಾನು ಹಿಂದೆ ಹೋದೆ. ಬೆಳಿಗ್ಗೆ ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಸ್ಪ್ರೇ ಹೊಡೆದಿದ್ದೆ, ಮುಂದಿನ ಸಲ ಕೆಸರು ಅಂಟದಿರಲಿ ಅಂತ. ಸೀಟೂ ಹೊಳೆಯಲಿ ಅಂತ ಅದಕ್ಕೂ ಹೊಡೆದಿದ್ದೆ. ಕೆಸರು ಅಂಟದ ಸೀಟಿಗೆ ಮನುಷ್ಯ ಮಾತ್ರ ಹೇಗೆ ಅಂಟುತ್ತಾನೆ! ಪುಣ್ಯಕ್ಕೆ ಬ್ರೇಕ್ ಡಿಸ್ಕಿಗೆ ಹೊಡೆದಿರಲಿಲ್ಲ. ಕೈ ಬಿಟ್ಟ ಕೂಡಲೇ ಗಾಡಿ ನಿಂತಿತು. ನಾನು ಬಿದ್ದದ್ದು, ಬುಧವಾರದಿಂದ ಗಾಡಿಯಿಂದ ಇಳಿದ ಅಷ್ಟೂ ಕೆಸರು ಹರಿದು ನಿಂತಿದ್ದ ಜಾಗದಲ್ಲಿ.

ಶನಿವಾರ ಬೆಳಿಗ್ಗೆ ಪ್ರೆಷರ್ ವಾಷರ್ ಎತ್ತಿಕೊಂಡು ಭಾವಮೈದುನನ ಮನೆಗೆ ಹೋದೆ. ಅವನು ಬಾಗಿಲಲ್ಲೇ ನಿಂತು ನೋಡಿದ. ಚಕ್ರಕ್ಕೆ ಕೆಸರು, ಪೈಪಿಗೆ ಕೆಸರು, ಗನ್ನಿನ ಹಿಡಿಕೆಯಲ್ಲಿ ನನ್ನ ಐದು ಬೆರಳಿನ ಅಚ್ಚು ಒಣಗಿ ಕೂತಿತ್ತು.

"ಭಾವ, ತಪ್ಪು ತಿಳ್ಕೋಬೇಡಿ. ತೊಳೆದು ತಂದು ಕೊಡ್ತೀರಾ?"

ಈಗ ಬಕೆಟ್ಟು, ಬ್ರಷ್ಷು ಹಿಡಿದು ಕೂತಿದ್ದೇನೆ.