ಆಂಟಿ ಹೀರೋ

ಹತ್ತನೇ ತರಗತಿವರೆಗೆ ನಾನು ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ. ಬಾಯಿ ಬಿಡಬೇಕಾದಾಗ ಮಾತ್ರ ಕಷ್ಟ. ಅಕೌಂಟ್ಸ್ ವಿಭಾಗದಲ್ಲಿ ಇದರಿಂದ ತೊಂದರೆಯೇನೂ ಇರಲಿಲ್ಲ, ಬಿಲ್ಲುಗಳು ತಿರುಗಿ ಮಾತಾಡುವುದಿಲ್ಲವಲ್ಲ. ತೊಂದರೆ ಶುರುವಾದದ್ದು ಸಂಜೆ ನಾಲ್ಕರ ಟೀ ಅಂಗಡಿಯಲ್ಲಿ.

ಟೀಗೆ ಬರುವವರು ಮೂವರು. ಕೋಲ್ಕತ್ತಾದವನೊಬ್ಬ, ದೆಹಲಿಯವನೊಬ್ಬ, ಕೊಚ್ಚಿಯವಳೊಬ್ಬಳು. ಅವರಿಗೆ ಇದ್ದದ್ದು ಒಂದೇ ವಿಷಯ: ಬ್ರೇಕಿಂಗ್ ಬ್ಯಾಡ್. 2008ರಿಂದ 2013ರವರೆಗೆ ಅಮೆರಿಕದಲ್ಲಿ ಬಂದ ಧಾರಾವಾಹಿ. 5 ಸೀಸನ್, 62 ಎಪಿಸೋಡ್. ಅಷ್ಟನ್ನೂ ನಾನೂ ನೋಡಿದ್ದೆ, ಸಬ್‌ಟೈಟಲ್ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ. ಹೇಳುವುದಕ್ಕೆ ಹೊಟ್ಟೆ ತುಂಬ ಇತ್ತು. ಬಾಯಿಂದ ಬರುತ್ತಿದ್ದದ್ದು ಮಾತ್ರ 'ಸೂಪರ್'. ಜಾಸ್ತಿ ಖುಷಿಯಾದರೆ 'ಸೂಪರೋ ಸೂಪರ್'.

ಅವರ ಪದಗಳೇ ಬೇರೆ. ಮೊದಲು ಎಡವಿದ್ದು 'ಕ್ಯಾರೆಕ್ಟರ್ ಆರ್ಕ್' ಮೇಲೆ. ನಮ್ಮ ಗಣಿತದ ಪುಸ್ತಕದಲ್ಲಿ ಆರ್ಕ್ ಅಂದರೆ ಕಂಸ. ಹಾಗಾದರೆ ಒಳ್ಳೆಯವನೊಬ್ಬ ಕೊನೆಗೆ ಕಂಸನಾಗುವುದೇ ಕ್ಯಾರೆಕ್ಟರ್ ಆರ್ಕ್ ಇರಬೇಕು ಅಂದುಕೊಂಡೆ. ಕತೆ ಸಾಗಿದ ಹಾಗೆ ಪಾತ್ರ ಬದಲಾಗುವ ದಾರಿಗೆ ಹಾಗನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಆ ಧಾರಾವಾಹಿಯ ನಾಯಕ ವಾಲ್ಟರ್ ವೈಟ್ ಮಟ್ಟಿಗೆ ಇದು ಅಂಥ ತಪ್ಪೂ ಅಲ್ಲ ಬಿಡಿ.

ಆಮೇಲೆ ಒಂದು ದಿನ ಕೊಚ್ಚಿಯವಳು, ವಾಲ್ಟರ್‌ನ ಹಳೇ ಶಿಷ್ಯ ಜೆಸ್ಸಿಗೆ ರಿಡೆಂಪ್ಷನ್ ಸಿಕ್ಕಿತಾ ಇಲ್ಲವಾ ಅಂತ ಕೇಳಿದಳು. ನನಗೆ ಮೈಯೆಲ್ಲ ರೋಮಾಂಚನ. ಬಿ.ಕಾಂ.ನಲ್ಲಿ ರಿಡೆಂಪ್ಷನ್ ಮೇಲೆ ಒಂದು ಅಧ್ಯಾಯವೇ ಇದೆ. ಪ್ರಿಫರೆನ್ಸ್ ಷೇರುಗಳನ್ನು ಕಂಪನಿ ವಾಪಸ್ ತೆಗೆದುಕೊಳ್ಳುವ ಲೆಕ್ಕ ಅದು. 'ಅಟ್ ಪಾರ್ ಆರ್ ಅಟ್ ಪ್ರೀಮಿಯಂ?', ಅಂದರೆ ಮುಖಬೆಲೆಗೋ ಅದಕ್ಕಿಂತ ಜಾಸ್ತಿಗೋ ಎಂದು ಕೇಳಿಯೇಬಿಟ್ಟೆ. ಮೂವರೂ ಟೀ ಚೆಲ್ಲಿಕೊಂಡು ನಕ್ಕರು. ಅವಳು ಕೇಳಿದ್ದು ಮಾಡಿದ ಪಾಪದಿಂದ ಬಿಡುಗಡೆಯ ಬಗ್ಗೆಯಂತೆ. ಜೋಕು ಅಂದುಕೊಂಡರು ಪುಣ್ಯಾತ್ಮರು. ನಾನೂ ನಕ್ಕೆ.

ಅವತ್ತೇ ತೀರ್ಮಾನ ಮಾಡಿದೆ, ಇಂಗ್ಲಿಷ್ ಕಲಿಯಲೇಬೇಕು. ಯಾವುದೋ ವಿಡಿಯೋದಲ್ಲಿ, ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡಿ ಅಂದಿದ್ದರು. ನನ್ನ ರೂಮು ಚಿಕ್ಕದು. ಭಾನುವಾರ ಸಂಜೆ ಟೆರೇಸಿಗೆ ಹೋಗಿ, ಒಣಹಾಕಿದ ಬೆಡ್‌ಶೀಟುಗಳ ಮುಂದೆ ನಿಂತು ಶುರುಮಾಡಿದೆ:

"ಹೀ ಈಸ್ ಎ ಕೆಮಿಸ್ಟ್ರಿ ಟೀಚರ್. ಹಿಸ್ ಕ್ಯಾರೆಕ್ಟರ್ ಈಸ್ ಸ್ಲೋಲಿ ಬಿಕಮಿಂಗ್ ಬ್ಯಾಡ್. ಹಿಸ್ ವೈಫ್ ಡಸ್ ನಾಟ್ ನೋ ಎನಿಥಿಂಗ್."

ಬೆಡ್‌ಶೀಟು ಸರಿಯಿತು. ಹಿಂದೆ ಓನರ್ ಆಂಟಿ, ಕೈಯಲ್ಲಿ ಸಂಡಿಗೆ ಮೊರ.

ಇಲ್ಲೊಂದು ವಿಷಯ ಹೇಳಬೇಕು. ಓನರ್ ಅಂಕಲ್ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು. ನಮ್ಮ ಕಡೆ ಕ್ಯಾರೆಕ್ಟರ್ ಅನ್ನುವ ಪದಕ್ಕೆ ಇರುವುದು ಒಂದೇ ಅರ್ಥ. ಕಾಲೇಜು ಬಿಡುವಾಗ ಅದಕ್ಕೆ ಸರ್ಟಿಫಿಕೇಟೂ ಕೊಡುತ್ತಾರೆ.

"ನೋಡಪ್ಪಾ," ಅಂದರು ಆಂಟಿ, ಮೆಲ್ಲಗೆ. "ಅಂಕಲ್ ವಿಷಯ ಏನಾದ್ರೂ ಗೊತ್ತಿದ್ರೆ ಸೀದಾ ಹೇಳು. ಇಂಗ್ಲಿಷಲ್ಲಿ ಬೇಡ."

"ಅಯ್ಯೋ ಆಂಟಿ, ಅದು ಸೀರಿಯಲ್ಲು!"

"ಯಾವ ಚಾನೆಲ್? ಎಷ್ಟು ಗಂಟೆಗೆ?"

ನಂಬಿಸಲು ಇಡೀ ಕತೆ ಹೇಳಬೇಕಾಯಿತು. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ಅನ್ನುವ ಊರು. ಐವತ್ತು ತುಂಬುವ ಹೊತ್ತಿಗೆ ಮೇಷ್ಟ್ರಿಗೆ ಶ್ವಾಸಕೋಶದ ಕ್ಯಾನ್ಸರ್. ಮನೆಯವರಿಗೆ ನಾಲ್ಕು ಕಾಸು ಮಾಡಿಡೋಣ ಅಂತ ಹಳೇ ಶಿಷ್ಯನೊಬ್ಬನನ್ನು ಜೊತೆ ಮಾಡಿಕೊಂಡು ಡ್ರಗ್ಸ್ ಕಾಯಿಸಲು ಇಳಿಯುತ್ತಾನೆ. ಮೊದಲ ಎಪಿಸೋಡಿನಲ್ಲೇ ಕ್ಲಾಸಿನ ಹುಡುಗರಿಗೆ, ಕೆಮಿಸ್ಟ್ರಿ ಅಂದರೆ ಬದಲಾವಣೆಯ ಪಾಠ ಅನ್ನುತ್ತಾನೆ, ಆಮೇಲೆ ತಾನೇ ಆ ಪಾಠವಾಗುತ್ತಾನೆ. ಒಂದು ತಿಂಗಳಿಂದ ಟೀ ಅಂಗಡಿಯಲ್ಲಿ ಹೇಳಲು ಒದ್ದಾಡಿದ ಮಾತೆಲ್ಲ ನೀರು ಹರಿದ ಹಾಗೆ ಬಂತು. ಆಂಟಿ ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಕೂತು, ಸಂಡಿಗೆ ಬಿಡಿಸುತ್ತಾ ಕೇಳಿದರು.

"ಪಾಪ, ದುಡ್ಡಿಗೆ ಯಾರೂ ಆಗಲಿಲ್ವಾ?"

"ಆದ್ರು ಆಂಟಿ. ಹಳೇ ಸ್ನೇಹಿತರು ಆಸ್ಪತ್ರೆ ಖರ್ಚು ಕೊಡ್ತೀವಿ ಅಂದ್ರು. ಇವನೇ ಬೇಡ ಅಂದ."

"ಹಂಗಾದ್ರೆ ಮನೆಯವ್ರಿಗೋಸ್ಕರ ಅಲ್ಲ ಬಿಡು. ಜಂಬ."

ನಾನು ಬೆಚ್ಚಿದೆ. ಇದೆಲ್ಲ ತನಗೋಸ್ಕರ ಮಾಡಿದ್ದು ಅಂತ ಅವನು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಕಟ್ಟಕಡೆಯ ಎಪಿಸೋಡಿನಲ್ಲಿ. ಆಂಟಿ ಮೊದಲ ಸೀಸನ್ನಿನಲ್ಲೇ ಹಿಡಿದಿದ್ದರು. ಕೊನೆಯನ್ನೂ ಹೇಳಿದೆ. ಮೊರ ಎತ್ತಿಕೊಂಡು ಏಳುತ್ತಾ ಅವರು, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಅಂದು ಕೆಳಗಿಳಿದರು. ಅಂಕಲ್ ಹತ್ತಿರ ಅವತ್ತು ರಾತ್ರಿ ಏನು ವಿಚಾರಿಸಿದರೋ ಗೊತ್ತಿಲ್ಲ.

ಮಾರನೇ ದಿನ ಟೀ ಹೊತ್ತಿಗೆ ಮತ್ತೆ ವಾಲ್ಟರ್ ವೈಟ್. ನಾಯಕನಾಗಿದ್ದೂ ಒಳ್ಳೆಯವನಲ್ಲದ ಅಂಥವನಿಗೆ ಒಂದು ಹೆಸರೂ ಇತ್ತು ಅವರ ಬಳಿ, 'ಆಂಟಿ ಹೀರೋ'. ನಾನು ಗಂಟಲು ಸರಿಮಾಡಿಕೊಂಡು, ಗಾದೆಯನ್ನು ಕೈಗೆ ಸಿಕ್ಕ ಇಂಗ್ಲಿಷಿನಲ್ಲಿ ಇಳಿಸಿದೆ:

"ಆಫ್ಟರ್ ಸ್ಪಾಯಿಲ್, ಬ್ರೇನ್ ಕಮ್ಸ್. ಆಫ್ಟರ್ ಕುಕಿಂಗ್, ಸ್ಟವ್ ಬರ್ನ್ಸ್."

ಯಾರೂ ನಗಲಿಲ್ಲ. ಕೋಲ್ಕತ್ತಾದವನು ಲೋಟ ಕೆಳಗಿಟ್ಟ. "ಆಫ್ಟರ್ ಕುಕಿಂಗ್..." ಅಂತ ತನ್ನಲ್ಲೇ ಹೇಳಿಕೊಂಡ. ಡ್ರಗ್ಸ್ ಕಾಯಿಸುವುದಕ್ಕೆ ಆ ಸೀರಿಯಲ್ಲಿನಲ್ಲಿ 'ಕುಕ್' ಅಂತಲೇ ಅನ್ನುವುದು ನನಗೆ ಆಗ ನೆನಪಾಯಿತು.

"ಹೂ ಸೆಡ್ ದಿಸ್?" ಅಂದಳು ಕೊಚ್ಚಿಯವಳು.

"ಆಂಟಿ," ಅಂದೆ.

"ಆಂಟಿ ಹೀರೋ?"

ಸ್ವಲ್ಪ ಯೋಚಿಸಿ, "ಯೆಸ್" ಅಂದೆ.

ಅದು ಯಾವ ಎಪಿಸೋಡು ಅಂತ ಮೂವರೂ ಇನ್ನೂ ಹುಡುಕುತ್ತಿದ್ದಾರೆ.