ಏಳನೇ ಪ್ರತಿವಾದಿ

ನಮ್ಮ ಅಮ್ಮನ ಪ್ರಕಾರ ಈ ನಾಡಿನಲ್ಲಿ ಸರಿಯಾದ ಆಡಳಿತ ನಡೆದದ್ದು 1912ರಿಂದ 1918ರವರೆಗೆ ಮಾತ್ರ. ಆ ಅವಧಿಯಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು. ಮುದ್ದೇನಹಳ್ಳಿ ಇರುವುದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಾದ್ದರಿಂದ ಅಮ್ಮನ ಲೆಕ್ಕದಲ್ಲಿ ಅವರು ಹೆಚ್ಚುಕಡಿಮೆ ನೆಂಟರು. ಅವರು ಅಧಿಕಾರ ಬಿಟ್ಟು ಹೊರಟ ಮೇಲೆ ಬಂದುಹೋದ ದಿವಾನರು, ಮುಖ್ಯಮಂತ್ರಿಗಳು, ಪ್ರಧಾನಿಗಳು ಯಾವ ಪಕ್ಷದವರೇ ಆಗಿರಲಿ, ಅಮ್ಮನ ಅಂಕಪಟ್ಟಿಯಲ್ಲಿ ಮೂವತ್ತೈದು ದಾಟಿದವರು ವಿರಳ. ತಾನು ಹುಟ್ಟಿದ್ದೇ ದೇಶ ಗಣರಾಜ್ಯವಾದ ಮೇಲೆ ಎಂಬ ಸಂಗತಿ ಈ ಮೌಲ್ಯಮಾಪನಕ್ಕೆ ಎಂದೂ ಅಡ್ಡಬಂದಿಲ್ಲ. ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು ಎಂಬ ವಿಶ್ವೇಶ್ವರಯ್ಯನವರ ಕಥೆಯನ್ನು ಗೌರಿಬಿದನೂರು ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಹೇಳಿ, ಆ ಮಕ್ಕಳಿಗಿಂತ ಹೆಚ್ಚಾಗಿ ತಾನೇ ಅದನ್ನು ನಂಬಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ಆಕೆ. ಆ ಎರಡನೇ ಮೇಣದಬತ್ತಿಯ ಬೆಳಕಿನಲ್ಲೇ ಇಂದಿಗೂ ರಾಜಕೀಯವನ್ನೂ ತೆರಿಗೆಯನ್ನೂ ಕೋರ್ಟುಕಚೇರಿಗಳನ್ನೂ ನೋಡುತ್ತಾಳೆ. ಯಾರಿಂದಲೂ ಏನನ್ನೂ ಬಿಟ್ಟಿಯಾಗಿ ಪಡೆಯಬಾರದೆಂಬುದು ಆಕೆಯ ಸಂವಿಧಾನದ ಮೊದಲನೆಯ ವಿಧಿ. ಅದಕ್ಕೆ ತಿದ್ದುಪಡಿ ತರುವಷ್ಟು ಬಹುಮತ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯದ ಹೆಂಗಸರೆಲ್ಲ ಸರ್ಕಾರಿ ಬಸ್ಸಿನಲ್ಲಿ ಕಾಸು ಕೊಡದೆ ಓಡಾಡತೊಡಗಿದಾಗ ಅಮ್ಮ ನಿಜಕ್ಕೂ ಸಂಕಟಕ್ಕೆ ಸಿಕ್ಕಿದಳು. ಬೇಡವೆಂದರೆ ಬಿಡುವಂಥ ಸವಲತ್ತಲ್ಲ ಅದು. ಆಧಾರ್ ಕಾರ್ಡು ತೋರಿಸಿದ ಹೆಂಗಸಿಗೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡಲೇಬೇಕು. ಅದರ ಹಣವನ್ನು ಸಾರಿಗೆ ನಿಗಮಕ್ಕೆ ಸರ್ಕಾರ ತುಂಬಿಕೊಡುತ್ತದೆ. ಅಮ್ಮ ನಿಯಮಗಳನ್ನು ಪಠ್ಯಪುಸ್ತಕದಂತೆ ಓದಿ, ಅದರಲ್ಲೊಂದು ಕಿಂಡಿಯನ್ನು ಕಂಡುಹಿಡಿದಳು. ಈ ಸೌಲಭ್ಯ ಕರ್ನಾಟಕದ ಮಹಿಳೆಯರಿಗೆ ಮಾತ್ರ. ಹೊರಗಿನವರು ದುಡ್ಡು ಕೊಡಬೇಕು. ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರ ಕೂಗಳತೆಯಲ್ಲಿದೆ, ನಮ್ಮ ಕಡೆ ತೆಲುಗು ಬಾರದವರು ಕಡಿಮೆ. ಅಂದಿನಿಂದ ಅಮ್ಮ ಬಸ್ಸು ಹತ್ತಿದ ಕೂಡಲೇ ಆಧಾರ್ ಕಾರ್ಡನ್ನು ಬ್ಯಾಗಿನ ತಳಕ್ಕೆ ತಳ್ಳಿ, "ಮಾದಿ ಹಿಂದೂಪುರಂ ಬಾಬು, ಡಬ್ಬುಲು ತೀಸ್ಕೋ" ಎಂದು ಚಿಕ್ಕಬಳ್ಳಾಪುರದವರೆಗಿನ ಪೂರ್ತಿ ದರವನ್ನು ಚಿಲ್ಲರೆ ಸಮೇತ ಎಣಿಸಿ ಕೊಡತೊಡಗಿದಳು. ಸುಳ್ಳು ಹೇಳುವುದು ತಪ್ಪಲ್ಲವೇ ಎಂದು ಕೇಳಿದರೆ, "ಸರ್ಕಾರಕ್ಕೆ ದುಡ್ಡು ಕೊಡೋಕೆ ಹೇಳಿದ ಸುಳ್ಳನ್ನ ಚಿತ್ರಗುಪ್ತ ಬರೆದುಕೊಳ್ಳಲ್ಲ ಕಣೋ" ಎಂದಳು.

ಈ ಏರ್ಪಾಟು ನಿರಾತಂಕವಾಗಿ ನಡೆದಿತ್ತು. ಆದರೆ 2025ರ ಆಗಸ್ಟ್ 15ರಂದು ಆಂಧ್ರ ಸರ್ಕಾರವೂ ಸ್ತ್ರೀಶಕ್ತಿ ಎಂಬ ಹೆಸರಿನಲ್ಲಿ ಅಲ್ಲಿನ ಹೆಂಗಸರಿಗೆ ಬಸ್ ಪ್ರಯಾಣವನ್ನು ಉಚಿತ ಮಾಡಿಬಿಟ್ಟಿತು. ಕೆಲವೇ ದಿನಗಳಲ್ಲಿ ಒಬ್ಬ ಕಂಡಕ್ಟರ್ ಅಮ್ಮನ ಕೈಯಲ್ಲಿದ್ದ ನೋಟನ್ನು ನೋಡಿ, "ಏನಮ್ಮಾ, ನಿಮ್ಮ ಕಡೆನೂ ಫ್ರೀ ಮಾಡವ್ರಲ್ಲ, ಅಲ್ಲಿ ಓಡಾಡೋದು ಬಿಟ್ಟು ಇಲ್ಲಿ ಬಂದು ಯಾಕೆ ದುಡ್ಡು ಕಳ್ಕೊಳ್ತೀರಾ?" ಎಂದು ಕನಿಕರದಿಂದ ವಿಚಾರಿಸಿದ. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು, "ಅಯ್ಯೋ, ಇವ್ರು ನಮ್ಮ ಸ್ಕೂಲ್ ಮೇಡಮ್ಮು! ಹಿಂದೂಪುರ ಎಲ್ಲಿಂದ ಬಂತು?" ಎಂದು ಇಡೀ ಬಸ್ಸಿಗೆ ಕೇಳುವಂತೆ ಉದ್ಗರಿಸಿದಳು. ಕಂಡಕ್ಟರ್ ಮರುಮಾತಿಲ್ಲದೆ ಶೂನ್ಯ ಟಿಕೆಟ್ಟನ್ನು ಅಮ್ಮನ ಕೈಯಲ್ಲಿ ತುರುಕಿದ. ಹಣ ಕೊಡದ ಸೀಟಿನಲ್ಲಿ ಕೂರುವುದಿಲ್ಲವೆಂದು ಅಮ್ಮ ಎದ್ದು ನಿಂತಳು. ವಯಸ್ಸಾದವರು ನಿಂತದ್ದನ್ನು ಕಂಡು ಟಿಕೆಟ್ ಕೊಂಡಿದ್ದ ಗಂಡಸರಿಬ್ಬರು ಎದ್ದು ಜಾಗ ಬಿಟ್ಟರು. ಅವರ ಹಣಕ್ಕೆ ತಾನು ಕೂರುವುದು ಇನ್ನೂ ದೊಡ್ಡ ತಪ್ಪೆಂದು ಆಕೆ ಕದಲಲಿಲ್ಲ. ಹೀಗಾಗಿ ಖಾಲಿ ಸೀಟುಗಳ ಸುತ್ತ ಮೂವರು ನಿಂತುಕೊಂಡೇ ಚಿಕ್ಕಬಳ್ಳಾಪುರ ತಲುಪಿದರು. ಈಗ ಅಮ್ಮ ಖಾಸಗಿ ಬಸ್ಸುಗಳ ಖಾಯಂ ಗಿರಾಕಿ.

ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ ಅರ್ಜಿ ಹಾಕಿದವರಿಗಷ್ಟೇ ಸೌಲಭ್ಯವಾದ್ದರಿಂದ ಅಲ್ಲಿ ಅಷ್ಟು ತೊಡಕಾಗಲಿಲ್ಲ. ಅಮ್ಮ ಅರ್ಜಿಯನ್ನೇ ಹಾಕಲಿಲ್ಲ. ಆದರೆ ಬೀದಿಯಲ್ಲೆಲ್ಲ ಸೊನ್ನೆ ಬಿಲ್ಲು ಬರುವಾಗ ನಮ್ಮ ಮನೆಗೆ ಮಾತ್ರ ಹಣದ ಬಿಲ್ಲು ಬರುವುದನ್ನು ಕಂಡ ನೆರೆಯವರು, ನಮ್ಮ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ಟು ಮೀರುತ್ತದೆ, ಮಗ ಒಳಗೊಳಗೇ ಏಸಿ ಹಾಕಿಸಿದ್ದಾನೆ ಎಂದು ತೀರ್ಮಾನಿಸಿದ್ದಾರೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಸಕ್ಕರೆ ಕೇಳುವ ನೆಪದಲ್ಲಿ ಬಂದವರು ಕೋಣೆಗಳ ಕಡೆ ಕತ್ತು ಹಾಯಿಸಿ ಹೋಗುತ್ತಾರೆ.

ಇಷ್ಟೆಲ್ಲ ಕಟ್ಟುನಿಟ್ಟಿನ ಅಮ್ಮ ತರಕಾರಿ ಗಾಡಿಯ ಮುಂದೆ ನಿಂತರೆ ಬೇರೆಯೇ ಮನುಷ್ಯಳು. ತೂಕವಾದ ಮೇಲೆ ಎರಡು ಬದನೆಕಾಯಿ, ಒಂದು ಹಿಡಿ ಕರಿಬೇವು, ನಾಲ್ಕೆಳೆ ಕೊತ್ತಂಬರಿಯನ್ನು ಕೊಸರು ಹಾಕಿಸಿಕೊಳ್ಳದೆ ಜಾಗ ಬಿಟ್ಟು ಕದಲುವುದಿಲ್ಲ. ಇದು ಬಿಟ್ಟಿಯಲ್ಲವೇ ಎಂಬ ನನ್ನ ಪ್ರಶ್ನೆಗೆ ಗಾಡಿಯವನೂ ಅಮ್ಮನೂ ಒಟ್ಟಾಗಿ ನನ್ನ ಮೇಲೆ ಬಿದ್ದರು. ಕೊಸರು ವ್ಯಾಪಾರದ ಧರ್ಮವಂತೆ. ಕೊಡುವವನ ಕೈ ತೆಗೆದುಕೊಳ್ಳುವವರ ಕಣ್ಣಿಗೆ ಕಾಣುತ್ತದಂತೆ. ಸರ್ಕಾರದ ಕೈ ಕಾಣುವುದಿಲ್ಲವೆಂಬುದೇ ಆಕೆಯ ಆಕ್ಷೇಪವೋ ಏನೋ.

ಬಿಟ್ಟಿ ಬೇಡವೆನ್ನುವವಳಿಗೆ ತೆರಿಗೆಯೆಂದರೆ ಪ್ರೀತಿಯಿರಬಹುದೆಂದು ಭಾವಿಸಿದರೆ ತಪ್ಪು. ಮನೆ ಕಂದಾಯವನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿ ಶೇಕಡಾ 5ರ ರಿಯಾಯಿತಿ ಪಡೆಯುತ್ತಾಳೆ. ಅದು ಬಿಟ್ಟಿಯಲ್ಲ, ಪಾಠ ಮೊದಲೇ ಒಪ್ಪಿಸಿದವರಿಗೆ ಕೊಡುವ ಮೆಚ್ಚುಗೆ. ಆದರೆ 2022ರ ಜುಲೈ 18ರಂದು ಪೊಟ್ಟಣದ ಮೊಸರಿಗೆ ಶೇಕಡಾ 5ರ ಜಿಎಸ್‌ಟಿ ಬಿದ್ದಾಗ ಮಾತ್ರ ಕೇಂದ್ರ ಸರ್ಕಾರದ ಗ್ರಹಚಾರ ಕೆಟ್ಟಿತು. "ಹಾಲಿಗೆ ತೆರಿಗೆ ಇಲ್ಲ, ಅದೇ ಹಾಲಿಗೆ ಹೆಪ್ಪು ಹಾಕಿದರೆ ತೆರಿಗೆ. ಅಂದರೆ ಇವರು ತೆರಿಗೆ ಹಾಕಿರೋದು ಆ ಒಂದು ಚಮಚ ಹೆಪ್ಪಿಗೆ!" ಎಂದು ಆಕೆ ವಿವರಿಸಿದಾಗ ನಮ್ಮ ಮನೆಗೆ ಬರುವ ಲೆಕ್ಕಪರಿಶೋಧಕರೂ ತಲೆದೂಗಿದರು. ಅಂದಿನಿಂದ ಮನೆಯಲ್ಲಿ ಪೊಟ್ಟಣದ ಮೊಸರಿಗೆ ಪ್ರವೇಶವಿಲ್ಲ. ಚಳಿಗಾಲದಲ್ಲಿ ಹೆಪ್ಪು ಕೂರದೆ, ನಾವು ಹಾಲೂ ಅಲ್ಲದ ಮೊಸರೂ ಅಲ್ಲದ ಒಂದು ತೆರಿಗೆರಹಿತ ದ್ರವವನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುತ್ತೇವೆ.

ಬ್ಯಾಂಕಿನ ಠೇವಣಿಯದು ಇನ್ನೊಂದು ಕಥೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ಹಿರಿಯ ನಾಗರಿಕರು ಹಾಗೆಂದು ಘೋಷಿಸುವ ನಮೂನೆ ಕೊಟ್ಟರೆ ಬ್ಯಾಂಕಿನವರು ಬಡ್ಡಿಯಲ್ಲಿ ಮೂಲದಲ್ಲೇ ತೆರಿಗೆ ಹಿಡಿಯುವುದಿಲ್ಲ. "ನನಗೆ ಅಷ್ಟು ಆದಾಯ ಇಲ್ಲ ಅಂತ ನಾನೇ ಸಹಿ ಹಾಕಿ ಕೊಡೋದಾ? ಪಿಂಚಣಿ ಬರೋ ಹೆಂಗಸು ನಾನು" ಎಂದು ಅಮ್ಮ ಒಪ್ಪಲಿಲ್ಲ. ಬ್ಯಾಂಕಿನವರು ಶೇಕಡಾ 10ರಷ್ಟು ಕಡಿತ ಮಾಡಿದರು. ಆಗ ಮಾತ್ರ, ತನ್ನ ದುಡ್ಡಿಗೆ ಕೈ ಹಾಕಲು ಇವರ್ಯಾರು ಎಂದು ಹಾರಾಡಿದಳು. ರಿಟರ್ನ್ ಸಲ್ಲಿಸಿದ ಮೇಲೆ ಹಿಡಿದ ಹಣ ವಾಪಸು ಬಂತು, ಜೊತೆಗೆ ತಿಂಗಳಿಗೆ ಶೇಕಡಾ ಅರ್ಧದ ಲೆಕ್ಕದಲ್ಲಿ ಒಂದಿಷ್ಟು ಬಡ್ಡಿಯೂ ಬಂತು. ತಾನು ಸರ್ಕಾರಕ್ಕೆ ಸಾಲ ಕೊಟ್ಟೇ ಇಲ್ಲದಿರುವಾಗ ಬಡ್ಡಿ ಹೇಗೆ ಬಂತೆಂದು ಆಕೆಗೆ ಅನುಮಾನ. ಆ ಬಡ್ಡಿಯನ್ನೂ ಮುಂದಿನ ವರ್ಷದ ಆದಾಯದಲ್ಲಿ ತೋರಿಸಬೇಕೆಂದು ತಿಳಿದ ಮೇಲೆಯೇ ಸಮಾಧಾನವಾದದ್ದು.

ಹೆದ್ದಾರಿಯ ಟೋಲ್ ಗೇಟಿನಲ್ಲಿ ಕಾರಿನ ಕಿಟಕಿ ಇಳಿಸಿ, ಗಾಡಿ ಕೊಳ್ಳುವಾಗಲೇ ಜೀವಾವಧಿ ತೆರಿಗೆ ಕಟ್ಟಿರುವ ವಿಚಾರವನ್ನು ಅಲ್ಲಿನ ಹುಡುಗನಿಗೆ ಬಿಡಿಸಿ ಹೇಳುವುದೂ ಉಂಟು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ನಮಗೆ ಕಲಿಸಿದವಳೂ ಆಕೆಯೇ. ಫಾಸ್ಟ್ಯಾಗ್ ಬಂದ ಮೇಲೆ ಕೇಳಿಸಿಕೊಳ್ಳುವ ಹುಡುಗನೂ ಸಿಗುವುದು ಅಪರೂಪ. ಗೇಟಿನ ದಂಡ ತಾನಾಗಿಯೇ ಮೇಲೇಳುತ್ತದೆ.

ಚುನಾವಣೆಯ ಹೊತ್ತಿಗೆ ಯಾವುದೋ ಪಕ್ಷದ ಹುಡುಗರು ಮನೆಮನೆಗೆ ಕುಕ್ಕರು ಹಂಚಲು ಬಂದಾಗ ಅಮ್ಮ ಅವರನ್ನು ಕೂರಿಸಿ, ನೀರು ಮಜ್ಜಿಗೆ ಕೊಟ್ಟು, ಕುಕ್ಕರನ್ನು ಮಾತ್ರ ವಾಪಸು ಕೊಟ್ಟಳು. ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಗುರುತು ಹಾಕಿಯಾಗಿತ್ತು. ಹಾಗಾದರೆ ವಾಪಸು ಪಡೆದದ್ದಕ್ಕೆ ರಸೀದಿ ಬರೆದುಕೊಡಿ ಎಂದು ಆಕೆ ಪಟ್ಟು ಹಿಡಿದಳು. ಅಂಥ ರಸೀದಿಯನ್ನು ಬರೆದುಕೊಡುವ ಮೂರ್ಖ ಈ ದೇಶದ ಯಾವ ಪಕ್ಷದಲ್ಲೂ ಇರಲಾರ. ಹುಡುಗರು ಕುಕ್ಕರನ್ನು ಪಕ್ಕದ ಮನೆಯ ಜಗುಲಿಯ ಮೇಲಿಟ್ಟು ಓಡಿದರು. ಅದರ ಸೀಟಿ ಈಗ ದಿನಾ ಬೆಳಗ್ಗೆ ನಮಗೂ ಕೇಳಿಸುತ್ತದೆ.

ಕೋರ್ಟಿನ ವಿಷಯದಲ್ಲಿ ಅಮ್ಮನದು ಹಳೆಯ ಕಾಲದ ಒಂದೇ ಸೂತ್ರವಾಗಿತ್ತು: ಗೆದ್ದವನು ಸೋತ, ಸೋತವನು ಸತ್ತ. ಮನೆತನಸ್ಥರು ಕೋರ್ಟಿನ ಮೆಟ್ಟಿಲು ಹತ್ತಬಾರದು. ಹೆಣ್ಣುಮಕ್ಕಳಂತೂ ತವರಿನ ಆಸ್ತಿಯ ಮಾತನ್ನೇ ಆಡಬಾರದು. ಆದರೆ ನನ್ನ ಸೋದರಮಾವಂದಿರ ಮಕ್ಕಳು ಪಿತ್ರಾರ್ಜಿತ ಜಮೀನಿಗಾಗಿ ಪರಸ್ಪರ ದಾವೆ ಹೂಡಿದಾಗ, ಹಕ್ಕಿರುವ ಪ್ರತಿಯೊಬ್ಬರನ್ನೂ ಪಕ್ಷಗಾರರನ್ನಾಗಿ ಮಾಡಬೇಕಾದ್ದರಿಂದ, ಅಮ್ಮ ಕೂತಲ್ಲೇ ಏಳನೇ ಪ್ರತಿವಾದಿಯಾದಳು. ಸಮನ್ಸ್ ಹಿಡಿದು ಬಂದ ಕೋರ್ಟಿನ ಅಮೀನರಿಗೆ ಕಾಫಿ ಕೊಟ್ಟು, ಸಹಿ ಮಾತ್ರ ಹಾಕುವುದಿಲ್ಲವೆಂದಳು. ಅವರು ಕಾಫಿ ಮುಗಿಸಿ, ಲೋಟ ತೊಳೆದಿಟ್ಟು, ಬಹಳ ವಿನಯದಿಂದ ಹೇಳಿದರು: "ತಗೊಳ್ಳಲ್ಲ ಅಂದ್ರೆ ಬಾಗಿಲಿಗೆ ಅಂಟಿಸಿ ಹೋಗಬೇಕಾಗುತ್ತಮ್ಮ, ರೂಲ್ಸ್ ಹಾಗಿದೆ." ನಮ್ಮ ಬಾಗಿಲು ನೇರವಾಗಿ ರಸ್ತೆಗಿದೆ, ಎದುರಿಗೇ ಹಾಲಿನ ಡೈರಿ. ಅಮ್ಮ ಕನ್ನಡಕ ಹುಡುಕಿಕೊಂಡು ಬಂದು, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು.

ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆಂದು ಯಾರೋ ಹೇಳಿದರು. ಅದನ್ನು ಹೇಳಬಾರದಿತ್ತು. ಅಮ್ಮ ಅಂದೇ ಹೋಗಿ ತನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ವಕೀಲನನ್ನಾಗಿ ಗೊತ್ತು ಮಾಡಿಕೊಂಡಳು. "ನಿಮ್ಮ ಹತ್ರ ಫೀಸಾ ಮೇಡಂ?" ಎಂದು ಅವನು ಕೈ ಮುಗಿದ. ಆಕೆ ಫೀಸನ್ನು ಮೇಜಿನ ಮೇಲಿಟ್ಟು, ಅವನು ಸಿದ್ಧಪಡಿಸಿದ್ದ ಲಿಖಿತ ಹೇಳಿಕೆಯನ್ನು ಮನೆಗೆ ತಂದು, ಮಹಾಪ್ರಾಣದ ತಪ್ಪುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ತಿದ್ದಿ ಬರೆದು ತರುವಂತೆ ವಾಪಸು ಕೊಟ್ಟಳು. ಅವನು ತಿದ್ದಿ ಬರೆದೂ ತಂದ.

ತವರಿನ ಪಾಲು ತನಗೆ ಬೇಡವೆಂದೇ ಹೇಳಲು ಹೋಗಿದ್ದವಳ ಮನಸ್ಸು ಕೆಟ್ಟದ್ದು ಎದುರು ವಕೀಲರ ಒಂದು ಮಾತಿನಿಂದ. ಏಳನೇ ಪ್ರತಿವಾದಿಯ ಮದುವೆಯಲ್ಲಿಯೇ ಸಾಕಷ್ಟು ಕೊಟ್ಟಾಗಿದೆ, ಆದ್ದರಿಂದ ಆಕೆಗೆ ಯಾವ ಹಕ್ಕೂ ಇಲ್ಲವೆಂದು ಅವರು ವಾದಿಸಿದರು. ಬೇಡವೆನ್ನುವುದು ಬೇರೆ, ಇಲ್ಲವೆನ್ನಿಸಿಕೊಳ್ಳುವುದು ಬೇರೆ. "ಎರಡು ಬಳೆ ಕೊಟ್ಟಿದ್ರು, ಅದರಲ್ಲಿ ಒಂದು ನಿಮ್ಮ ಕಕ್ಷಿದಾರನ ನಾಮಕರಣಕ್ಕೆ ಕರಗಿತು" ಎಂದು ಅಮ್ಮ ಎದ್ದು ನಿಂತು ಹೇಳಿದಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂದಿದೆಯೆಂದೂ, ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದಿಲ್ಲವೆಂದೂ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದನ್ನು ಹಳೆಯ ವಿದ್ಯಾರ್ಥಿ ಮಂಡಿಸಿದ. ಅಮ್ಮನ ವಯಸ್ಸಿಗಿಂತ ಅರ್ಧದಷ್ಟಿದ್ದ ನ್ಯಾಯಾಧೀಶೆ ಎದುರು ವಕೀಲರನ್ನು ಗದರಿ, ಮುಂದಿನ ವಾಯಿದೆ ಕೊಟ್ಟರು. ಒಬ್ಬ ಹೆಣ್ಣುಮಗಳು ದೊಡ್ಡ ಮನುಷ್ಯರನ್ನು ತರಗತಿಯಲ್ಲಿ ಗದರುವಂತೆ ಗದರಿದ್ದು ಅಮ್ಮನಿಗೆ ಎಷ್ಟು ಹಿಡಿಸಿತೆಂದರೆ, ಮೂವತ್ತೈದರ ಗಡಿಯನ್ನು ಆ ನ್ಯಾಯಾಲಯವೊಂದು ಸಲೀಸಾಗಿ ದಾಟಿತು. ಆಮೇಲೆ ತಾನು ಹೋಗಬೇಕಿಲ್ಲದ ವಾಯಿದೆಗಳಿಗೂ ಆಕೆ ಬುತ್ತಿ ಕಟ್ಟಿಕೊಂಡು ಹೋಗಿ, ಬೇರೆಯವರ ಕೇಸುಗಳನ್ನೂ ಕೇಳಿಸಿಕೊಂಡು ಬರುತ್ತಿದ್ದಳು.

ಕೊನೆಗೆ ವಿಷಯ ಲೋಕ ಅದಾಲತ್ತಿಗೆ ಬಂತು. ಅಣ್ಣಂದಿರ ಮಕ್ಕಳು ರಾಜಿಗೆ ಒಪ್ಪಿ, ಅತ್ತೆಯ ಪಾಲಿಗೆ ಇಷ್ಟು ಹಣ ಎಂದು ಒಂದು ಮೊತ್ತವನ್ನೂ ಹೇಳಿದರು. ಹಣ ಬೇಡ, ಜಮೀನೂ ಬೇಡ ಎಂದಳು ಅಮ್ಮ. ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ತನ್ನದೊಂದು ಷರತ್ತಿದೆಯೆಂದಳು. ಮದುವೆಯಾದ ವರ್ಷದಿಂದ ಅಣ್ಣಂದಿರು ತಪ್ಪದೆ ಕಳಿಸುತ್ತಿದ್ದ ಗೌರಿ ಬಾಗಿನ ಜಗಳ ಶುರುವಾದ ಮೇಲೆ ನಿಂತುಹೋಗಿತ್ತು. ಅದನ್ನು ರಾಜಿ ಅರ್ಜಿಯಲ್ಲಿ ಬರೆಸಬೇಕು. ಇಂಥದ್ದನ್ನೆಲ್ಲ ಬರೆಯುವ ರೂಢಿಯಿಲ್ಲ, ಬಾಯಿಮಾತಿನಲ್ಲಿ ಆಗಲಿ ಎಂದು ವಕೀಲರು ತಿಳಿಹೇಳಿದರು. ಅದಾಲತ್ತಿನ ತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮಾನ, ಪಾಲಿಸದಿದ್ದರೆ ಕೋರ್ಟಿನ ಮೂಲಕ ಜಾರಿ ಮಾಡಿಸಬಹುದು, ಅದರ ಮೇಲೆ ಅಪೀಲೂ ಇಲ್ಲ ಎಂಬುದನ್ನು ಅಷ್ಟು ವಾಯಿದೆಗಳಲ್ಲಿ ಕೂತು ಕಲಿತಿದ್ದ ಅಮ್ಮ, "ಬಾಯಿಮಾತಿಗೆ ಅಮಲ್ಜಾರಿ ಹಾಕೋಕೆ ಬರುತ್ತೇನಪ್ಪಾ?" ಎಂದು ಕೇಳಿದಳು. ಟೈಪಿಸ್ಟು ನಗು ತಡೆದುಕೊಂಡು ಹೊಸ ಹಾಳೆ ಏರಿಸಿದ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮುಂಚೆ ವಾದಿಯೂ ಒಂದರಿಂದ ಆರನೇ ಪ್ರತಿವಾದಿಗಳೂ ಸೇರಿ ಏಳನೇ ಪ್ರತಿವಾದಿಯ ಮನೆಗೆ ಖುದ್ದಾಗಿ ಹೋಗಿ ಒಂದು ರೇಷ್ಮೆ ಸೀರೆ ಸಹಿತ ಬಾಗಿನ ಕೊಡತಕ್ಕದ್ದು ಎಂದು ಬೆರಳಚ್ಚಾಯಿತು. ಅಮ್ಮ ಓದಿ, ಒಂದು ಮಹಾಪ್ರಾಣ ತಿದ್ದಿ, ಸೀರೆಯ ಬೆಲೆಯ ಮೇಲಿನ ಜಿಎಸ್‌ಟಿಯನ್ನೂ ಅವರೇ ಭರಿಸತಕ್ಕದ್ದು ಎಂಬ ಸಾಲನ್ನು ಸೇರಿಸಿದ ಮೇಲಷ್ಟೇ ಸಹಿ ಹಾಕಿದಳು.