ಮಿಷನ್ ರಿಪೇರಿಯೋ, ಹೊಸದೋ?

ಹೋದ ಮಳೆಗಾಲದಲ್ಲಿ ತೋಟದ ದಾರಿಗೆ ಅಡ್ಡವಾಗಿ ಒಂದು ಸಿಲ್ವರ್ ಮರ ಬಿತ್ತು. ನನಗೆ ಒಳಗೊಳಗೇ ಖುಷಿ. 11 ವರ್ಷದ ಹಳೇ ಮರ ಕೊಯ್ಯುವ ಮಿಷನ್ ಹೊರಗೆ ತೆಗೆಯೋಕೆ ಇದಕ್ಕಿಂತ ಒಳ್ಳೇ ನೆಪ ಬೇಕಾ? ಪೆಟ್ರೋಲ್ ತುಂಬಿಸಿದೆ, ನಾಲ್ಕನೇ ಸಲ ಹಗ್ಗ ಎಳೆದಾಗ ಸ್ಟಾರ್ಟ್ ಆಯಿತು, ಕೊಂಬೆಗಳನ್ನೆಲ್ಲ ಸವರಿ ಬುಡಕ್ಕೆ ಬರುವಷ್ಟರಲ್ಲಿ ಕುಂಯ್ ಅಂತ ಒಂದು ಸದ್ದು ಮಾಡಿ ನಿಂತಿತು. ಪ್ಲಗ್ ಬಿಚ್ಚಿದೆ, ಒರೆಸಿದೆ, ಊದಿದೆ, ಮತ್ತೆ ಹಾಕಿದೆ. ನಮಗೆ ಬರುವ ಮೆಕ್ಯಾನಿಕ್ ಕೆಲಸ ಅಷ್ಟೇ ಅಲ್ವಾ.

ಪೇಟೆಯ ಮೆಕ್ಯಾನಿಕ್ ಪ್ಲಗ್ ಮುಟ್ಟಲೇ ಇಲ್ಲ. ಹಗ್ಗದ ಹಿಡಿ ಹಿಡಿದು ಇಡೀ ಮಿಷನ್ನನ್ನೇ ನೇತಾಡಿಸಿದ. ಕಂಪ್ರೆಶನ್, ಅಂದರೆ ಇಂಜಿನ್ ಒಳಗೆ ಗಾಳಿ ಒತ್ತಿ ಹಿಡಿಯುವ ಶಕ್ತಿ, ಚೆನ್ನಾಗಿದ್ದರೆ ಮಿಷನ್ ತಡೆದು ತಡೆದು ಕೆಳಗಿಳಿಯಬೇಕಂತೆ. ನಮ್ಮದು ಬಾವಿಗೆ ಬಿಟ್ಟ ಕೊಡಪಾನದ ಹಾಗೆ ಸರ್ರನೆ ಇಳಿಯಿತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ತೋರಿಸಿದ. ಪಿಸ್ಟನ್ ಮೈ ತುಂಬ ಉದ್ದುದ್ದ ಗೀರು, ಬೆಕ್ಕು ಪರಚಿದ ಹಾಗೆ.

"ಆಯಿಲ್ ಹಾಕಿದ್ರಲ್ಲ ಮಾರಾಯ್ರೆ?"

"ಹಾಕದೇ ಇರ್ತೀನಾ?" ಅಂದೆ. ಟೂ ಸ್ಟ್ರೋಕ್ ಇಂಜಿನ್, ಆಯಿಲ್ ಬೇರೆ ದಾರಿಯಲ್ಲಿ ಬರಲ್ಲ, ಪೆಟ್ರೋಲಿಗೇ ಬೆರೆಸಬೇಕು, ನಮ್ಮದಕ್ಕೆ ಲೀಟರಿಗೆ 20 ಎಂ.ಎಲ್. ಅಂತ ಪಾಠವನ್ನೂ ಒಪ್ಪಿಸಿದೆ. ಸಾಲದ್ದಕ್ಕೆ, ಈಗಿನ ಪೆಟ್ರೋಲಿಗೆ 20 ಪರ್ಸೆಂಟ್ ಎಥನಾಲ್ ಹಾಕ್ತಾರಲ್ಲ, ಅದರದ್ದೇ ಕಾಟ ಅಂತಲೂ ಸೇರಿಸಿದೆ. ಅವನು ಏನೂ ಹೇಳಲಿಲ್ಲ.

ರಾತ್ರಿ ಮದುವೆ ಕಾಗದದ ಹಿಂದೆ ಲೆಕ್ಕ ಹಾಕಿದೆ. ಬೋರ್-ಪಿಸ್ಟನ್ ಸೆಟ್ 3,200, ಕಾರ್ಬೊರೇಟರ್ 900, ಬಾರ್ ಮತ್ತು ಚೈನು 1,800, ಮಜೂರಿ 800. ಒಟ್ಟು 6,700. ಇನ್ನು 800 ಹಾಕಿದರೆ ಹೆಸರೇ ಕೇಳದ ಕಂಪನಿಯ ಹೊಸ ಮಿಷನ್ ಬರುತ್ತದೆ. ಆದರೆ ಅದರ ಪಾರ್ಟು ಎಲ್ಲಿ ಸಿಗುತ್ತದೆ ಅಂದರೆ ಅಂಗಡಿಯವನೇ ಆಕಾಶ ನೋಡುತ್ತಾನೆ. ಒಳ್ಳೇದು ಬೇಕಂದರೆ 28,000. ನಮ್ಮ ಅಡಿಕೆ ಇನ್ನೂ ಮರದಲ್ಲೇ ಇತ್ತು.

ನಾಲ್ಕು ದಿನ ಇದೇ ಯೋಚನೆ. ಅಷ್ಟರಲ್ಲಿ ಕೆಲಸದವರು ಕಾದು ಕಾದು ಬೇಜಾರಾಗಿ ಆ ಮರವನ್ನು ಕೊಡಲಿಯಲ್ಲೇ ಕಡಿದು ದಾರಿ ಬಿಡಿಸಿದ್ದರು.

ಕೊನೆಗೆ ಮೆಕ್ಯಾನಿಕ್ಕೇ ದಾರಿ ತೋರಿಸಿದ. ಫ್ಲೈವೀಲ್ ಅನ್ನೋ ಇಂಜಿನ್ನಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ. "ಕ್ರ್ಯಾಂಕ್ ಬೇರಿಂಗ್ ಸಡಿಲ ಆಗಿಲ್ಲ, ರಿಪೇರಿ ಮಾಡಿಸಿ. ಅದೂ ಹೋಗಿದ್ರೆ ಸುಮ್ನೆ ದುಡ್ಡು ಸುರೀಬೇಡಿ ಅಂತಿದ್ದೆ." ನಾನು ಸುಮ್ಮನೆ ತಲೆಯಾಡಿಸಿದೆ.

ಮನೆಗೆ ಬಂದು ದೊಡ್ಡದಾಗಿ ಇದನ್ನೇ ವಿವರಿಸುತ್ತಿದ್ದರೆ, ಹೆಂಡತಿ ಕೊಟ್ಟಿಗೆಯಿಂದ ಎರಡು ಕ್ಯಾನ್ ತಂದು ಮುಂದೆ ಇಟ್ಟಳು.

"ನೀವು ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಹಾಗೇ ತುಂಬಿದೆಯಲ್ಲ? ನನ್ನ ಸ್ಕೂಟರಿಗೆ ಅಂತ ಇಟ್ಟಿದ್ದು ಯಾಕೆ ಖಾಲಿ?"

ಎಥನಾಲ್ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮಾರನೇ ದಿನ ಖಾಲಿ ಕ್ಯಾನಿನ ಮೇಲೆ ದಪ್ಪ ಮಾರ್ಕರಿನಲ್ಲಿ ಅವಳ ಅಕ್ಷರ: "ಇದು ಸ್ಕೂಟರಿಂದು. ನಿಮಗಲ್ಲ."